ಕೂದಲು ಉದುರುತ್ತಿದೆಯೇ? ದಿಲ್ಲಿ ನೀರನ್ನು ಬೈಯುವ ಮೊದಲು ಇದನ್ನೊಮ್ಮೆ ಓದಿ



ಹೃದಯದ ಡಾಕ್ಟರಿಗೆ ಕೂದಲಿನ ಉಸಾಬರಿ ಯಾಕೆ ಎಂದು ನಿಮಗೆ ಅನ್ನಿಸಬಹುದು. ಆದರೆ ಈ ಸರಣಿ ಓದಿದವರು ಕಳಿಸುವ ಪ್ರಶ್ನೆಗಳಲ್ಲಿ ಬಿಪಿ, ಕೊಲೆಸ್ಟರಾಲ್ ಬಿಟ್ಟರೆ ಹೆಚ್ಚಿಗೆ ಇರುವುದು ಕೂದಲಿನದೇ. "ಊರಲ್ಲಿದ್ದಾಗ ಸೊಂಟದುದ್ದ ಜಡೆ ಇತ್ತು ಡಾಕ್ಟ್ರೇ, ನೋಯಿಡಾಕ್ಕೆ ಬಂದ ಮೇಲೆ ಇಲಿಬಾಲ ಆಗಿದೆ" ಎನ್ನುವ ಮಾತು ಬೇರೆ ಬೇರೆ ಮನೆಗಳಿಂದ ಬರುತ್ತದೆ. ಜೊತೆಗೆ ಒಂದು ಬಾಟಲಿಯ ಫೋಟೋ ಇರುತ್ತದೆ: "ಇದನ್ನು ತಗೋಬಹುದಾ?"

ಆ ಬಾಟಲಿಯಿಂದಾಗಿಯೇ ಈ ಲೇಖನ. ಕೂದಲಿಗೆಂದು ನುಂಗುವ ಕೆಲವು ಮಾತ್ರೆಗಳು ನೇರವಾಗಿ ನನ್ನ ವಿಭಾಗಕ್ಕೆ, ಅಂದರೆ ಹೃದಯಕ್ಕೆ, ಸಂಬಂಧಪಟ್ಟವು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೂದಲನ್ನೇ ನೋಡೋಣ.

*ಮೊದಲು ಮನೆಯಲ್ಲೇ ಒಂದು ಪರೀಕ್ಷೆ*

ಬಾಚಿದ ಮೇಲೆ ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಬಿಳಿ ಕಾಗದದ ಮೇಲೆ ಹರಡಿ ನೋಡಿ.

ಕೂದಲು ಪೂರ್ತಿ ಉದ್ದವಿದ್ದು, ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಗುಬ್ಬಿಯಂಥದ್ದು ಇದ್ದರೆ ಅದು ಬೇರಿನಿಂದ *ಉದುರಿದ* ಕೂದಲು. ಎರಡು–ಮೂರು ಇಂಚಿನ ತುಂಡಾಗಿದ್ದು, ಎರಡೂ ತುದಿಯಲ್ಲಿ ಗುಬ್ಬಿ ಇಲ್ಲದಿದ್ದರೆ ಅದು *ಮುರಿದ* ಕೂದಲು.

ಇವೆರಡೂ ಬೇರೆ ಬೇರೆ ತೊಂದರೆ. ಮುರಿಯುತ್ತಿದ್ದರೆ ಕಾರಣ ಹೊರಗಿದೆ: ನೀರು, ಬಾಚುವ ರೀತಿ, ಬಿಸಿ, ಎಳೆತ. ಉದುರುತ್ತಿದ್ದರೆ ಕಾರಣ ಸಾಮಾನ್ಯವಾಗಿ ಮೈಯೊಳಗಿದೆ: ಜ್ವರ, ರಕ್ತಹೀನತೆ, ಥೈರಾಯ್ಡ್, ಹೆರಿಗೆ, ಊಟ. ಮುರಿಯುವ ಕೂದಲಿಗೆ ಮಾತ್ರೆ ನುಂಗಿದರೂ, ಉದುರುವ ಕೂದಲಿಗೆ ಎಣ್ಣೆ ಸುರಿದರೂ ದುಡ್ಡು ದಂಡ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ತಲೆಸ್ನಾನದ ದಿನ ಇನ್ನೂ ಹೆಚ್ಚು ಕಾಣುತ್ತದೆ, ಏಕೆಂದರೆ ಮೂರು ದಿನದ ಲೆಕ್ಕ ಅಂದೇ ಚುಕ್ತಾ ಆಗುತ್ತದೆ. ಉದ್ದ ಕೂದಲಿನವರಿಗೆ ಉಂಡೆ ದೊಡ್ಡದಾಗಿ ಕಾಣುವುದೂ ಸಹಜ.

*ಜಡೆಯ ತುದಿಗೆ ಐದು ವರ್ಷ ವಯಸ್ಸು*

ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಒಂದು ಕೂದಲು ಎರಡರಿಂದ ಆರು ವರ್ಷ ಬೆಳೆದು, ಮೂರು ತಿಂಗಳು ವಿಶ್ರಾಂತಿ ತೆಗೆದುಕೊಂಡು ಉದುರುತ್ತದೆ. ಅದೇ ಗುಂಡಿಯಲ್ಲಿ ಹೊಸದು ಹುಟ್ಟುತ್ತದೆ. ಯಾರ ಕೂದಲು ಎಷ್ಟು ವರ್ಷ ಬೆಳೆಯುತ್ತದೆ ಎನ್ನುವುದನ್ನು ಬಹುಮಟ್ಟಿಗೆ ಅಪ್ಪ–ಅಮ್ಮನಿಂದ ಬಂದ ಗುಣವೇ ನಿರ್ಧರಿಸುತ್ತದೆ. "15 ದಿನದಲ್ಲಿ ಎರಡು ಇಂಚು" ಎಂದು ಬರುವ ಫಾರ್ವರ್ಡ್‌ಗಳನ್ನು ಅಳಿಸಿಬಿಡಿ.

60 ಸೆಂಟಿಮೀಟರ್ ಜಡೆ ಇದ್ದರೆ ಅದರ ತುದಿ ಹುಟ್ಟಿ ಐದು ವರ್ಷವಾಗಿದೆ ಎಂದರ್ಥ. ವಾರಕ್ಕೆರಡು ಸಲ ತಲೆಸ್ನಾನವೆಂದರೂ ಅದು ಐನೂರಕ್ಕೂ ಹೆಚ್ಚು ಸ್ನಾನ, ಸಾವಿರಾರು ಸಲ ಬಾಚಣಿಗೆ, ಐದು ದಿಲ್ಲಿ ಬೇಸಿಗೆಯ ಲೂ ಗಾಳಿ ಕಂಡಿದೆ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವಿಲ್ಲ. ಗಾಯವಾದರೆ ಚರ್ಮ ಕೂಡಿಕೊಳ್ಳುತ್ತದೆ, ಕೂದಲಿನ ಸೀಳು ಕೂಡುವುದಿಲ್ಲ. ಅಜ್ಜಿಯ ಹಳೇ ರೇಷ್ಮೆ ಸೀರೆಯನ್ನು ಹೇಗೆ ಒಗೆಯುತ್ತೀರೋ ಹಾಗೆ ನೋಡಿಕೊಂಡರೆ ಮಾತ್ರ ಅದು ಉಳಿಯುತ್ತದೆ.

ಉತ್ತರ ಪ್ರದೇಶದ ಸ್ಮಿತಾ ಶ್ರೀವಾಸ್ತವ ಅವರ ಹೆಸರು ಕೇಳಿರಬಹುದು. 2023ರಲ್ಲಿ ಅವರ ಕೂದಲು 236.22 ಸೆಂಟಿಮೀಟರ್ ಎಂದು ಗಿನ್ನೆಸ್ ದಾಖಲೆಯಾಯಿತು. 14ನೇ ವಯಸ್ಸಿನಿಂದ ಬೆಳೆಸಿದ್ದು, ಆಗ ಅವರಿಗೆ 46 ವರ್ಷ. ಅಷ್ಟು ವರ್ಷ ಬೆಳೆಯುವ ಬೇರು ಅವರಿಗೆ ದೇವರು ಕೊಟ್ಟದ್ದು, ಎಲ್ಲರಿಗೂ ಸಿಗುವುದಿಲ್ಲ. ಆದರೆ ಅವರ ಆರೈಕೆಯಲ್ಲಿ ನಮಗೆ ಕಲಿಯುವುದಿದೆ. ಅವರು ವಾರಕ್ಕೆ ಎರಡೇ ಸಲ ತಲೆ ತೊಳೆಯುತ್ತಾರೆ. ತೊಳೆಯುವುದು ಮುಕ್ಕಾಲು ಗಂಟೆಯೊಳಗೆ ಮುಗಿದರೆ, ಸಿಕ್ಕು ಬಿಡಿಸಲು ಸುಮಾರು ಎರಡು ಗಂಟೆ, ಅದೂ ಕೈಬೆರಳಿನಿಂದ. ಉದ್ದ ಕೂದಲಿನ ಗುಟ್ಟು ಆ ತಾಳ್ಮೆಯಲ್ಲಿದೆ.

*ನೀರಿನ ತಪ್ಪೆಷ್ಟು?*

ದಿಲ್ಲಿ, ನೋಯಿಡಾ, ಗುರುಗ್ರಾಮಗಳ ಅನೇಕ ಸೊಸೈಟಿಗಳಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು. ಅದರಲ್ಲಿ ಕ್ಯಾಲ್ಶಿಯಂ, ಮೆಗ್ನೀಶಿಯಂ ಹೆಚ್ಚು. ಇದೇ ಗಡಸು ನೀರು. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ ಬ್ಯೂರೋ ಇಟ್ಟಿರುವ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಇಲ್ಲದಿದ್ದರೆ 600ರವರೆಗೆ. ಬಕೆಟ್ಟಿಗೆ, ನಲ್ಲಿಗೆ ಬಿಳಿ ಕರೆ ಕಟ್ಟುತ್ತಿದ್ದರೆ, ಸೋಪು ನೊರೆ ಬರದಿದ್ದರೆ ನಿಮ್ಮ ನೀರು ಗಡಸು ಎಂದು ತಿಳಿಯಿರಿ. ಮೈಸೂರು, ಬೆಂಗಳೂರಿನಲ್ಲಿ ಕಾವೇರಿ ನೀರಿಗೆ, ಮಲೆನಾಡಿನ ಬಾವಿ ನೀರಿಗೆ ಒಗ್ಗಿದವರಿಗೆ ಈ ವ್ಯತ್ಯಾಸ ಮೊದಲ ಸ್ನಾನದಲ್ಲೇ ಗೊತ್ತಾಗುತ್ತದೆ.

ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ, ಸಿಕ್ಕು ಹೆಚ್ಚಿಸುತ್ತದೆ, ಅದರಿಂದ ಮುರಿಯುವುದು ಹೆಚ್ಚಬಹುದು. ಆದರೆ ಅದು ಬೇರನ್ನು ಕಿತ್ತುಹಾಕುವುದಿಲ್ಲ. ಬಿಳಿ ಗುಬ್ಬಿ ಇರುವ ಕೂದಲು ರಾಶಿ ರಾಶಿ ಬೀಳುತ್ತಿದ್ದರೆ ನೀರನ್ನು ಬೈದು ಸುಮ್ಮನಾಗಬೇಡಿ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು:

• ತಲೆಗೆ ಮೈಸೋಪು ಬೇಡ. ಗಡಸು ನೀರಿನಲ್ಲಿ ಸೋಪು ಅಂಟು ಕೆನೆಯಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಶಾಂಪೂ, ಸೀಗೆಕಾಯಿ, ಅಂಟುವಾಳಕ್ಕೆ ಈ ತೊಂದರೆ ಇಲ್ಲ.

• ಕೊನೆಯ ಎರಡು ಚೊಂಬು ಮಾತ್ರ ಆರ್‌ಒ ನೀರು ಹಾಕಿಕೊಳ್ಳಿ. ತಲೆಪೂರ್ತಿ ಅದರಲ್ಲೇ ತೊಳೆಯಬೇಕಾಗಿಲ್ಲ.

• ಆರ್‌ಒ ಹೊರಹಾಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಡುವುದು ಒಳ್ಳೆಯ ಅಭ್ಯಾಸ. ಆದರೆ ಅದು ನಲ್ಲಿ ನೀರಿಗಿಂತಲೂ ಗಡಸು. ನೆಲ ಒರೆಸಿ, ತಲೆಗೆ ಬೇಡ.

*ವಾರದ ಆರೈಕೆ: ಊರಿನ ಪದ್ಧತಿಯಲ್ಲಿ ಇಟ್ಟುಕೊಳ್ಳಬೇಕಾದದ್ದು, ಬಿಡಬೇಕಾದದ್ದು*

ಎಣ್ಣೆ: ಕೊಬ್ಬರಿ ಎಣ್ಣೆ ನಮ್ಮ ಅಜ್ಜಿಯರ ಆಯ್ಕೆ, ತಪ್ಪಿಲ್ಲ. ತೊಳೆಯುವಾಗ ಕೂದಲಿನಿಂದ ಸೋರಿಹೋಗುವ ಪ್ರೋಟೀನನ್ನು ಕೊಬ್ಬರಿ ಎಣ್ಣೆ ಕಡಿಮೆ ಮಾಡುತ್ತದೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ಎಣ್ಣೆ ಅಷ್ಟು ಮಾಡುವುದಿಲ್ಲ ಎಂದು 2003ರಲ್ಲಿ ಮುಂಬಯಿಯ ಸಂಶೋಧಕರು ತೋರಿಸಿದರು. ಅವರು ಎಣ್ಣೆ ಮಾರುವ ಕಂಪನಿಯವರೇ ಎನ್ನುವುದೂ ನಿಮಗೆ ಗೊತ್ತಿರಲಿ. ಎಣ್ಣೆ ಕೂದಲಿನ ಉದ್ದವನ್ನು ಕಾಪಾಡುತ್ತದೆ, ಹೊಸ ಕೂದಲು ಹುಟ್ಟಿಸುವುದಿಲ್ಲ. ಸ್ನಾನಕ್ಕೆ ಒಂದೆರಡು ಗಂಟೆ ಮೊದಲು, ಮುಖ್ಯವಾಗಿ ತುದಿಗೆ ಹಚ್ಚಿ. ತಲೆಹೊಟ್ಟು ಇದ್ದವರು ನೆತ್ತಿಗೆ ಎಣ್ಣೆ ಮೆತ್ತಿ ರಾತ್ರಿಯಿಡೀ ಬಿಡಬೇಡಿ, ಹೊಟ್ಟು ಹೆಚ್ಚುತ್ತದೆ. ದಿಲ್ಲಿ ಚಳಿಗೆ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾದರೆ ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ, ಒಲೆಯ ಮೇಲೆ ಕಾಯಿಸಬೇಡಿ.

ತೊಳೆಯುವುದು: ಸೀಗೆಪುಡಿ ಬಳಸುವವರು ನೆನೆಸಿ, ಬಟ್ಟೆಯಲ್ಲಿ ಸೋಸಿ ತಿಳಿಯನ್ನು ಬಳಸಿ. ಚರಟ ಕೂದಲಿನಲ್ಲಿ ಸಿಕ್ಕಿಕೊಂಡರೆ ಬಾಚುವಾಗ ಕೂದಲು ಮುರಿಯುತ್ತದೆ. ಐಎನ್‌ಎ ಮಾರ್ಕೆಟ್ಟಿನ ದಕ್ಷಿಣದ ಅಂಗಡಿಗಳಿಗೆ ಹೋಗಲಾಗದವರು ಹತ್ತಿರದ ಪನ್ಸಾರಿ ಅಂಗಡಿಯಲ್ಲಿ ಶಿಕಾಕಾಯಿ, ರೀಠಾ ಎಂದು ಕೇಳಿದರೆ ಸೀಗೆ, ಅಂಟುವಾಳ ಸಿಗುತ್ತದೆ. ದಾಸವಾಳದ ಸೊಪ್ಪು ಅರೆದ ಲೋಳೆಯೂ ಒಳ್ಳೆಯದೇ, ಸಿಕ್ಕು ಬಿಡುತ್ತದೆ. ಶಾಂಪೂ ಆದರೆ ನೆತ್ತಿಗೆ ಮಾತ್ರ, ಹರಿದುಬರುವ ನೊರೆಯೇ ಜಡೆಗೆ ಸಾಕು. ನಂತರ ತುದಿಗೆ ಕಂಡಿಷನರ್. ನೀರು ಉಗುರುಬೆಚ್ಚಗಿರಲಿ.

ಒಣಗಿಸುವುದು: ಟವೆಲಿನಿಂದ ಪಟಪಟ ಹೊಡೆದು ನೀರು ಕೊಡಹುವುದು ನಮ್ಮ ಕಡೆಯ ಹಳೇ ಅಭ್ಯಾಸ. ದಯವಿಟ್ಟು ಬಿಡಿ. ಒದ್ದೆ ಕೂದಲು ರಬ್ಬರಿನಂತೆ ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ಹಳೇ ಹತ್ತಿ ಪಂಚೆ ಸುತ್ತಿ ಒತ್ತಿ ನೀರು ಹೀರಿಸಿ.

ಬಾಚುವುದು: ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರುಮಾಡಿ ಮೇಲಕ್ಕೆ ಬನ್ನಿ. ನೆತ್ತಿಯಿಂದ ಒಮ್ಮೆಲೇ ಎಳೆದರೆ ಸಣ್ಣ ಸಿಕ್ಕುಗಳೆಲ್ಲ ಕೆಳಗೆ ಸೇರಿ ಗಂಟಾಗುತ್ತವೆ. ಶಾಲೆ ಬಸ್ಸು ಬರುವ ಐದು ನಿಮಿಷ ಮೊದಲು ಮಗಳ ಜಡೆಗೆ ಕೈಹಾಕಬೇಡಿ. ಹಿಂದಿನ ರಾತ್ರಿಯೇ ಸಡಿಲವಾಗಿ ಹೆಣೆದರೆ ಬೆಳಗ್ಗೆ ಸುಲಭ.

ಹೆಣೆಯುವುದು: ಕರ್ನಾಟಕ ಸಂಘದ ರಾಜ್ಯೋತ್ಸವಕ್ಕೆ ಒಂದು ದಿನ ಮೊಗ್ಗಿನ ಜಡೆ ಹಾಕಿದರೆ ಏನೂ ಆಗುವುದಿಲ್ಲ. ಆದರೆ ದಿನವೂ ಕಣ್ಣು ಮೇಲೆ ಹೋಗುವಷ್ಟು ಬಿಗಿಯಾಗಿ ಕಟ್ಟಿದರೆ ಹಣೆಯ ಅಂಚಿನ, ಕಪಾಲದ ಕೂದಲು ತೆಳುವಾಗುತ್ತದೆ. ವರ್ಷಗಟ್ಟಲೆ ಹೀಗೆ ಎಳೆದರೆ ಅಲ್ಲಿನ ಬೇರುಗಳು ಸತ್ತೇಹೋಗುತ್ತವೆ. ಮಗು "ನೋಯ್ತಿದೆ ಅಮ್ಮಾ" ಎಂದರೆ ಸಡಿಲಿಸಿ.

ಚಳಿಗಾಲ: ಉಣ್ಣೆಯ ಟೋಪಿ, ಮಫ್ಲರ್ ಉಜ್ಜಿ ಕೂದಲು ತುಂಡಾಗುತ್ತದೆ. ಟೋಪಿಯ ಒಳಗೆ ಹಳೇ ರೇಷ್ಮೆ ಬಟ್ಟೆಯ ತುಂಡು ಹೊಲಿದುಕೊಳ್ಳಿ.

*ಸ್ನಾನದ ಮನೆಯಲ್ಲಿ ಜೀವದ ಎಚ್ಚರ*

ಉದ್ದ ಕೂದಲಿನವರು ಬಚ್ಚಲಲ್ಲಿ ಹೆಚ್ಚು ಹೊತ್ತು ಇರುತ್ತಾರೆ. ದಿಲ್ಲಿ ಚಳಿಗೆ ಕಿಟಕಿ ಮುಚ್ಚಿರುತ್ತಾರೆ. ಬಾಡಿಗೆ ಮನೆಯ ಬಚ್ಚಲಿನೊಳಗೇ ಗ್ಯಾಸ್ ಗೀಸರ್ ಇದ್ದರೆ ಇದು ಪ್ರಾಣಾಪಾಯ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಬಂದು ಬಾಗಿಲು ತೆಗೆಯುವ ಮೊದಲೇ ಎಚ್ಚರ ತಪ್ಪುತ್ತದೆ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲ ಇಂಥ ಸಾವುಗಳಾಗುತ್ತವೆ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿರಬೇಕು. ಮನೆಯ ಮಾಲೀಕರು ಒಪ್ಪುವವರೆಗೆ ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿ ಹೊರಹೋದ ಮೇಲೆ ಸ್ನಾನಕ್ಕೆ ಹೋಗಿ.

ಅದೇ ರೀತಿ, ಬಾಣಂತಿಗೂ ಮಗುವಿಗೂ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ತಲೆ ಒಣಗಿಸುವ ಪದ್ಧತಿ ತೊಟ್ಟಿಮನೆಗೆ ಸರಿ, ಮುಚ್ಚಿದ ಫ್ಲಾಟಿಗೆ ಅಲ್ಲ. ಕೆಂಡದಿಂದಲೂ ಅದೇ ವಿಷಗಾಳಿ ಬರುತ್ತದೆ. ನವೆಂಬರಿನ ದಿಲ್ಲಿಯಲ್ಲಿ ಹೊರಗಿನ ಹೊಗೆಯೇ ಸಾಕಷ್ಟಿದೆ.

*ಅಕ್ಟೋಬರಿನ ಡೆಂಗಿ, ಜನವರಿಯ ಕೂದಲು*

ಜೋರು ಜ್ವರ, ಶಸ್ತ್ರಚಿಕಿತ್ಸೆ, ಹೆರಿಗೆ, ಉಪವಾಸದ ಡಯಟ್, ದೊಡ್ಡ ದುಃಖ: ಇಂಥದ್ದೇನಾದರೂ ಆದಾಗ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತದೆ. ಎರಡು–ಮೂರು ತಿಂಗಳ ನಂತರ ಒಟ್ಟಿಗೇ ಉದುರುತ್ತದೆ. ಆ ಹೊತ್ತಿಗೆ ಜ್ವರ ಮರೆತಿರುತ್ತದೆ, ಹೊಸ ಶಾಂಪೂ ಮೇಲೆ ಅಪವಾದ ಬರುತ್ತದೆ. ದಿಲ್ಲಿಯಲ್ಲಿ ಮಳೆ ಮುಗಿಯುತ್ತಿದ್ದಂತೆ ಡೆಂಗಿ, ಚಿಕುನ್‌ಗುನ್ಯಾ ಬಂದವರು ಹೊಸ ವರ್ಷದ ಹೊತ್ತಿಗೆ ಗಾಬರಿಯಾಗುವುದು ಇದಕ್ಕೇ. ಇದು ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ, ಕೂದಲು ವಾಪಸು ಬರುತ್ತದೆ. ಸಾವಿರಾರು ರೂಪಾಯಿಯ ಪ್ಯಾಕೇಜು ಬೇಕಿಲ್ಲ. ಕ್ಯಾಲೆಂಡರ್ ತೆಗೆದು ಮೂರು ತಿಂಗಳು ಹಿಂದೆ ನೋಡಿ ಸಾಕು.

*ಉದುರುವುದು ನಿಲ್ಲದಿದ್ದರೆ ರಕ್ತ ಪರೀಕ್ಷೆ*

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲೂ ದಿಲ್ಲಿಯಲ್ಲೂ ಸುಮಾರು ಅರ್ಧದಷ್ಟು. ಅಂದರೆ ಊರು ಬಿಟ್ಟರೂ ಇದು ನಮ್ಮನ್ನು ಬಿಟ್ಟಿಲ್ಲ.

ರಕ್ತ ಕಡಿಮೆಯಾದಾಗ ಹೃದಯ ಹೆಚ್ಚು ಸಲ ಬಡಿದು ಲೆಕ್ಕ ಸರಿದೂಗಿಸುತ್ತದೆ. ಲಿಫ್ಟ್ ಇಲ್ಲದ ಡಿಡಿಎ ಫ್ಲಾಟಿನ ಮೂರನೇ ಮಹಡಿ ಹತ್ತುವಾಗ ಏದುಸಿರು, ಎದೆ ಡವಡವ, ಸುಸ್ತು, ಜೊತೆಗೆ ಕೂದಲು ಉದುರುವುದು. ಇವೆಲ್ಲ ಬೇರೆ ಬೇರೆ ರೋಗವಲ್ಲದೆ ಒಂದೇ ಕಾರಣದ ನಾಲ್ಕು ಮುಖ ಇರಬಹುದು. ಥೈರಾಯ್ಡ್ ಕೂಡ ಹಾಗೆಯೇ. ಕಡಿಮೆಯಾದರೆ ಕೊಲೆಸ್ಟರಾಲ್ ಏರುತ್ತದೆ, ಹೆಚ್ಚಾದರೆ ನಾಡಿ ಓಡುತ್ತದೆ, ಎರಡರಲ್ಲೂ ಕೂದಲು ಉದುರುತ್ತದೆ.

ಕೇಳಬೇಕಾದ ಪರೀಕ್ಷೆಗಳು ಮೂರು: ಹಿಮೋಗ್ಲೋಬಿನ್ ಸೇರಿದ ಸಿಬಿಸಿ, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಟಿಎಸ್‌ಎಚ್. ಮುಟ್ಟು ಏರುಪೇರಾಗಿದ್ದರೆ, ಗಲ್ಲದ ಮೇಲೆ ಕೂದಲು ಬರುತ್ತಿದ್ದರೆ ಸ್ತ್ರೀರೋಗ ತಜ್ಞರಿಗೂ ತೋರಿಸಿ. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದ್ದರೆ ಸಂಕೋಚವಿಲ್ಲದೆ ಹೇಳಿ. ಅದನ್ನು ಸರಿಮಾಡದೆ ಕಬ್ಬಿಣದ ಮಾತ್ರೆ ನುಂಗುವುದು ತೂತು ಕೊಡಕ್ಕೆ ನೀರು ತುಂಬಿದಂತೆ.

ಊಟದ ವಿಷಯ: ಕೂದಲು ಪ್ರೋಟೀನಿನಿಂದ ಆದದ್ದು. ಪಿಜಿಯಲ್ಲಿ ಚಾಯ್–ಪರಾಠಾ, ರಾತ್ರಿ ನೂಡಲ್ಸ್ ಎಂದು ಬದುಕುವ ಹುಡುಗಿಯರು ಕಾಳು, ಬೇಳೆ, ಮೊಸರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ದಿನವೂ ಒಂದಾದರೂ ಇಟ್ಟುಕೊಳ್ಳಿ. ಹುರುಳಿ ಸಿಗದಿದ್ದರೆ ರಾಜ್ಮಾ, ಚೋಲೆ ಆಗುತ್ತದೆ. ಚಳಿಗಾಲದಲ್ಲಿ ಇಲ್ಲಿ ಪಾಲಕ್, ಬಥುವಾ, ನೆಲ್ಲಿಕಾಯಿ ಧಾರಾಳ. ಊಟಕ್ಕೆ ನಿಂಬೆ ಅಥವಾ ನೆಲ್ಲಿ ಸೇರಲಿ, ಕಬ್ಬಿಣ ಚೆನ್ನಾಗಿ ಹೀರುತ್ತದೆ. ಊಟವಾದ ಕೂಡಲೇ ಚಹಾ ಬೇಡ, ಒಂದು ಗಂಟೆ ಬಿಡಿ.

*ಈಗ ಆ ಬಾಟಲಿ: ಬಯೋಟಿನ್*

"ಹೇರ್, ಸ್ಕಿನ್, ನೇಲ್ಸ್" ಎಂದು ಬರುವ ಬಹುತೇಕ ಮಾತ್ರೆ, ಗಮ್ಮಿಗಳಲ್ಲಿ ಬಯೋಟಿನ್ ಇರುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ, ಅದು ಸಾಮಾನ್ಯ ಊಟದಲ್ಲೇ ಸಿಗುತ್ತದೆ. ಮಾತ್ರೆಗಳಲ್ಲಿ 5,000ದಿಂದ 10,000 ಮೈಕ್ರೋಗ್ರಾಂ ಇರುವುದುಂಟು. ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬೆಳೆಯುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ.

ನನ್ನ ಚಿಂತೆ ಬೇರೆ. ಹೃದಯಾಘಾತವಾಗಿದೆಯೇ ಎಂದು ತಿಳಿಯಲು ನಾವು ರಕ್ತದಲ್ಲಿ ಟ್ರೋಪೋನಿನ್ ನೋಡುತ್ತೇವೆ. ಕೆಲವು ಲ್ಯಾಬ್ ಯಂತ್ರಗಳ ಪರೀಕ್ಷೆಯಲ್ಲಿ ಬಯೋಟಿನ್ನನ್ನೇ ಅಂಟಿನಂತೆ ಬಳಸುತ್ತಾರೆ. ನಿಮ್ಮ ರಕ್ತದಲ್ಲೂ ಬಯೋಟಿನ್ ತುಂಬಿದ್ದರೆ ಲೆಕ್ಕ ತಪ್ಪುತ್ತದೆ, ಏರಿದ ಟ್ರೋಪೋನಿನ್ ಕಡಿಮೆ ಎಂದು ತೋರಿಸಬಹುದು. ಅಮೆರಿಕದ ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿತು. ಹೀಗೆ ತಪ್ಪು ಟ್ರೋಪೋನಿನ್ ವರದಿ ಬಂದ ಒಬ್ಬ ರೋಗಿ ತೀರಿಕೊಂಡದ್ದನ್ನೂ ಅದು ತಿಳಿಸಿತ್ತು. ಥೈರಾಯ್ಡ್ ಪರೀಕ್ಷೆಯೂ ಇದರಿಂದ ತಪ್ಪಬಹುದು, ಇಲ್ಲದ ಕಾಯಿಲೆ ಇದೆ ಎಂದು ತೋರಬಹುದು.

ಮಗಳ ಬಾಟಲಿಯಿಂದ ಅಮ್ಮನೂ ದಿನಕ್ಕೊಂದು ತೆಗೆದುಕೊಳ್ಳುವ ಮನೆಗಳಿವೆ. ಅಮ್ಮನಿಗೆ ಅರವತ್ತು, ಸಕ್ಕರೆ ಕಾಯಿಲೆ ಬೇರೆ. ರಾತ್ರಿ ಎರಡು ಗಂಟೆಗೆ ಎದೆನೋವು ಬಂದು ಎಮರ್ಜೆನ್ಸಿಗೆ ಓಡಿದಾಗ ಬಿಪಿ ಮಾತ್ರೆಯ ಹೆಸರು ಹೇಳುತ್ತೇವೆ, ಕೂದಲಿನ ಗಮ್ಮಿಯ ಹೆಸರು ಯಾರೂ ಹೇಳುವುದಿಲ್ಲ. ಹೇಳಿ. ಹಿಂದಿ ಬಾರದ ಅಮ್ಮಂದಿರಿಗೆ ಒಂದೇ ವಾಕ್ಯ ಕಲಿಸಿ: "ಮೈ ಬಯೋಟಿನ್ ಲೇತೀ ಹೂಂ." ಅಷ್ಟು ಗೊತ್ತಾದರೆ ಡಾಕ್ಟರು ಇಸಿಜಿ, ಎಕೋ, ಬೇರೆ ವಿಧದ ಪರೀಕ್ಷೆ ಸೇರಿಸಿ ನೋಡುತ್ತಾರೆ. ಸಾಮಾನ್ಯ ರಕ್ತ ಪರೀಕ್ಷೆಗಾದರೆ ಬಯೋಟಿನ್ನನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಲ್ಯಾಬಿನಲ್ಲಿ ಕೇಳಿ, ಕನಿಷ್ಠ ಎರಡು–ಮೂರು ದಿನವಾದರೂ ಬೇಕು.

ಇನ್ನೊಂದು ಮಾತು: ವಿಟಮಿನ್ ಎ ಮತ್ತು ಸೆಲೆನಿಯಂ ಅತಿಯಾದರೆ ಕೂದಲು ಉದುರುತ್ತದೆ. ಎರಡು ಮೂರು ಕಂಪನಿಯ ಮಾತ್ರೆ ಒಟ್ಟಿಗೆ ನುಂಗುವವರು ಹಿಂದಿನ ಚೀಟಿ ಓದಿ.

*ಮಿನಾಕ್ಸಿಡಿಲ್: ಬಿಪಿ ಮಾತ್ರೆಯ ಮರುಜನ್ಮ*

ಗಂಡಸರೂ ಹೆಂಗಸರೂ ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಮೂಲತಃ ನಮ್ಮ ವಿಭಾಗದ ಔಷಧಿ. ಅಮೆರಿಕದಲ್ಲಿ 1979ರಲ್ಲಿ ತೀವ್ರ ಬಿಪಿಗೆ ಮಾತ್ರೆಯಾಗಿ ಬಂತು. ತಿಂದವರ ಮೈತುಂಬ ಕೂದಲು ಬೆಳೆಯಿತು! ಅದನ್ನೇ ಹಿಡಿದು 1988ರಲ್ಲಿ ತಲೆಗೆ ಹಚ್ಚುವ ದ್ರವವಾಗಿ ಮಾರುಕಟ್ಟೆಗೆ ತಂದರು. ಅದು ಕೆಲಸ ಮಾಡುವ ಔಷಧಿಯೇ. ಆದರೆ ಫಲ ಕಾಣಲು ನಾಲ್ಕಾರು ತಿಂಗಳು ಬೇಕು, ಶುರುವಿನಲ್ಲಿ ಉದುರುವುದು ಹೆಚ್ಚುತ್ತದೆ, ಬಿಟ್ಟರೆ ಲಾಭವೂ ಹೋಗುತ್ತದೆ. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಬೇಡ.

ಈಗ ಚರ್ಮರೋಗ ತಜ್ಞರು ಕೆಲವರಿಗೆ ಕಡಿಮೆ ಪ್ರಮಾಣದ ಮಾತ್ರೆಯನ್ನೂ ಕೊಡುತ್ತಾರೆ. ಪರೀಕ್ಷಿಸಿ ಕೊಟ್ಟರೆ ಸರಿ. ಗೆಳೆಯನ ಚೀಟಿ ತೋರಿಸಿ ಕೆಮಿಸ್ಟ್ ಅಂಗಡಿಯಿಂದ ತಂದು ನುಂಗುವುದು ಸರಿಯಲ್ಲ. ಪಾದ ಊತ, ಎದೆ ಡವಡವ, ಎದ್ದಾಗ ತಲೆಸುತ್ತು, ಏದುಸಿರು ಕಂಡರೆ ಮಾತ್ರೆ ನಿಲ್ಲಿಸಿ ಡಾಕ್ಟರನ್ನು ಕಾಣಿ. ಹೃದ್ರೋಗ, ಕಿಡ್ನಿ ಕಾಯಿಲೆ ಇದ್ದವರು, ಬಿಪಿ ಮಾತ್ರೆ ತಿನ್ನುವವರು ಮೊದಲೇ ಕೇಳಿಕೊಳ್ಳಿ.

*ಮದುವೆ ಸೀಸನ್ನಿನ ಕೆರಟಿನ್*

ಪಾರ್ಲರಿನಲ್ಲಿ ಕೂದಲು ನೇರ ಮಾಡುವ ಕೆಲವು ದ್ರವಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ, ಕಣ್ಣು–ಗಂಟಲು ಉರಿಯುವುದು ಅದಕ್ಕೇ. "ಫಾರ್ಮಾಲಿನ್ ಇಲ್ಲ" ಎಂದು ಮಾರುವ ಕೆಲವದರಲ್ಲಿ ಗ್ಲೈಆಕ್ಸಿಲಿಕ್ ಆಮ್ಲ ಇರುತ್ತದೆ. ಅದನ್ನು ಬಳಸಿದ ಮೇಲೆ ಕಿಡ್ನಿಗೆ ಪೆಟ್ಟಾದ ಪ್ರಕರಣಗಳು ಇತ್ತೀಚೆಗೆ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ನಮ್ಮ ಹೆಣ್ಣುಮಕ್ಕಳ ಗುಂಗುರು ಕೂದಲು ರೋಗವಲ್ಲ. ಅದನ್ನು ಹಾಗೇ ಬಿಡುವುದೇ ಉತ್ತಮ ಆರೈಕೆ.

*ತಡಮಾಡದೆ ಡಾಕ್ಟರಿಗೆ ತೋರಿಸಬೇಕಾದದ್ದು*

• ನಾಣ್ಯದಂತೆ ದುಂಡಗೆ ಕೂದಲು ಹೋದರೆ
• ನೆತ್ತಿಯಲ್ಲಿ ನೋವು, ಕೀವು, ಹಕ್ಕಳೆ ಇದ್ದರೆ
• ಬೈತಲೆ ದಿನೇ ದಿನೇ ಅಗಲವಾಗುತ್ತಿದ್ದರೆ
• ಆರು ತಿಂಗಳಾದರೂ ಉದುರುವುದು ನಿಲ್ಲದಿದ್ದರೆ
• ಕೂದಲಿನ ಜೊತೆ ಏದುಸಿರು, ಎದೆ ಡವಡವ, ತೂಕದ ಏರುಪೇರು ಇದ್ದರೆ

ಮೊದಲ ಮೂರಕ್ಕೆ ಚರ್ಮರೋಗ ತಜ್ಞರು. ಕೊನೆಯ ಎರಡಕ್ಕೆ ಮೊದಲು ನಿಮ್ಮ ಫ್ಯಾಮಿಲಿ ಡಾಕ್ಟರು ಸಾಕು.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮನೆಯಲ್ಲಿ ಯಾರ್ಯಾರು ಕೂದಲಿಗೆಂದು ಏನೇನು ನುಂಗುತ್ತಿದ್ದಾರೆ ಎಂದು ಕೇಳಿ, ಅಪ್ಪ–ಅಮ್ಮನ ಔಷಧಿ ಚೀಟಿಯ ಕೆಳಗೆ ಅದನ್ನೂ ಬರೆದಿಡಿ. ಆಮೇಲೆ ಅಗಲ ಹಲ್ಲಿನ ಬಾಚಣಿಗೆ ಹಿಡಿದು ಮಗಳನ್ನು ಮುಂದೆ ಕೂರಿಸಿಕೊಳ್ಳಿ. ತುದಿಯಿಂದ ಶುರುಮಾಡಿ, ನಿಧಾನವಾಗಿ.

ಉಪಯೋಗವೆನಿಸಿದರೆ ಊರಿನವರಿಗೂ ಇಲ್ಲಿನ ಕನ್ನಡ ಬಳಗಕ್ಕೂ ಕಳಿಸಿ.

— ನಿಮ್ಮ ಹೃದಯದ ಡಾಕ್ಟರು, ಎಂ.ಡಿ.
ದಿಲ್ಲಿ